ತೆರೆಯ ಮೇಲಿನ ಉದ್ದ ಗೆರೆ ದೊಡ್ಡ ಮೀನೇ?

ಪ್ರಶ್ನೆ: ದೋಣಿಗೆ ಹೊಸದಾಗಿ ಫಿಶ್ ಫೈಂಡರ್ (ಶಬ್ದದ ಪ್ರತಿಧ್ವನಿಯಿಂದ ನೀರೊಳಗಿನ ಮೀನು, ತಳವನ್ನು ತೋರಿಸುವ ಉಪಕರಣ) ಹಾಕಿಸಿದ್ದೇನೆ. ಲಂಗರು ಹಾಕಿ ನಿಂತಿದ್ದಾಗ 6 ಮೀಟರ್ ಆಳದಲ್ಲಿ ಅದರ ತೆರೆಯ (ಪರದೆಯ) ಉದ್ದಕ್ಕೂ ಒಂದು ಗೆರೆ ಮೂಡಿತು. 12 ಮೀಟರಿನಲ್ಲಿ ತಳ ಕಂಡಿತು, 24ರಲ್ಲಿ ಮತ್ತೊಂದು ತಳವೂ ಕಂಡಿತು. ಆ ಗೆರೆ ದೊಡ್ಡ ಮೀನೇ? ಅಥವಾ ಉಪಕರಣವೇ ಕೆಟ್ಟಿದೆಯೇ?

ಉತ್ತರ: ಉಪಕರಣ ಕೆಟ್ಟಿಲ್ಲ. ತೆರೆಯ ಮೇಲಿರುವುದನ್ನು ನೀವು ನೀರೊಳಗಿನ ಛಾಯಾಚಿತ್ರವೆಂದು ಓದುತ್ತಿದ್ದೀರಿ. ಮೇಲಿನಿಂದ ಕೆಳಕ್ಕೆ ಅದು ತೋರಿಸುವುದು ಆಳವನ್ನೇ ಆದರೂ, ಅಡ್ಡಲಾಗಿ ತೋರಿಸುವುದು ದೂರವನ್ನಲ್ಲ, ಕಾಲವನ್ನು. ಟ್ರಾನ್ಸ್‌ಡ್ಯೂಸರ್ (ಶಬ್ದ ಹೊರಡಿಸಿ, ಪ್ರತಿಧ್ವನಿ ಹಿಡಿಯುವ ಭಾಗ) ಹೊರಡಿಸಿದ ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗಿ, ಏನಕ್ಕಾದರೂ ತಾಗಿ ಮರಳಿದಾಗ, ಆ ಪ್ರತಿಧ್ವನಿ ತೆರೆಯ ಬಲ ಅಂಚಿನಲ್ಲಿ ಮೂಡಿ, ಹಿಂದಿನದನ್ನೆಲ್ಲ ಎಡಕ್ಕೆ ಸರಿಸುತ್ತದೆ. ಹಾಗಾಗಿ ಈ ಕ್ಷಣದ ಸಂಗತಿ ಬಲತುದಿಯಲ್ಲಿ ಮಾತ್ರ ಇರುತ್ತದೆ; ಉಳಿದದ್ದು ಕಳೆದುಹೋದ ನಿಮಿಷಗಳ ದಾಖಲೆ. ನಿಂತ ದೋಣಿಯ ಕೆಳಗೆ ಬೆರಳುದ್ದದ ಮೀನೊಂದು ಕದಲದೆ ನಿಂತರೂ ಗೆರೆ ಬೆಳೆಯುತ್ತಲೇ ಹೋಗುತ್ತದೆ. ಅದು ಮೀನೇ ಆಗಿರಬೇಕೆಂದೂ ಇಲ್ಲ: ಗಾಳದ ದಾರವನ್ನು ಒಂದು ಮೀಟರ್ ಮೇಲೆಳೆಯಿರಿ, ಬಲತುದಿಯಲ್ಲಿ ಗೆರೆಯೂ ಮೇಲೇರಿದರೆ ಅದು ನಿಮ್ಮದೇ ಸೀಸದ ಗುಂಡು!

ದೋಣಿ ನಿಧಾನವಾಗಿ ಚಲಿಸುವಾಗ ಕಾಣುವ ಕಮಾನುಗಳು ಹೆಚ್ಚು ನಂಬಿಕೆಗೆ ಅರ್ಹ. ಶಬ್ದ ಶಂಕುವಿನಾಕಾರದಲ್ಲಿ ಹರಡುವುದರಿಂದ, ಮೀನು ಅದರ ಅಂಚಿನಲ್ಲಿದ್ದಾಗ ದೂರ ಹೆಚ್ಚಾಗಿಯೂ, ನಡುವೆ ಬಂದಾಗ ಕಡಿಮೆಯಾಗಿಯೂ ಅಳತೆಗೆ ಸಿಗುತ್ತದೆ. ಗೆರೆ ಬಾಗುವುದು ಇದರಿಂದಲೇ. ಮೀನಿನ ಗಾತ್ರವನ್ನು ಊಹಿಸಲು ಕಮಾನಿನ ಉದ್ದಕ್ಕಿಂತ ದಪ್ಪವನ್ನು ನೋಡುವುದು ಮೇಲು. ಅದೂ ಊಹೆಯೇ, ಏಕೆಂದರೆ ಶಬ್ದವನ್ನು ಬಲವಾಗಿ ಮರಳಿಸುವುದು ಮುಖ್ಯವಾಗಿ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ. ಆ ಚೀಲವಿಲ್ಲದ ಮೀನು ದೊಡ್ಡದಾಗಿದ್ದರೂ ಮಸುಕಾಗಿ ಕಾಣಬಹುದು. ತೆರೆಯ ಮೇಲೆ ಮುದ್ದಾದ ಮೀನಿನ ಚಿತ್ರಗಳನ್ನು ತೋರಿಸುವ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಿಬಿಡಿ. ತೇಲುವ ಕಡ್ಡಿ, ಗಾಳಿಗುಳ್ಳೆಗಳೂ ಅದರ ಕಣ್ಣಿಗೆ ಮೀನುಗಳೇ.

ಇನ್ನು 24 ಮೀಟರಿನ ತಳ. ಗಟ್ಟಿ ತಳದಿಂದ ಮರಳಿದ ಶಬ್ದ ನೀರಿನ ಮೇಲ್ಮೈಗೆ ಬಡಿದು ಮತ್ತೊಮ್ಮೆ ಕೆಳಗಿಳಿದು ಬಂದಾಗ, ಸರಿಯಾಗಿ ಎರಡರಷ್ಟು ಆಳದಲ್ಲಿ ಈ ನಕಲು ಕಾಣಿಸುತ್ತದೆ. ಕೆಸರು ತಳದಲ್ಲಿ ಇದು ಅಪರೂಪ. ಆದ್ದರಿಂದ ಅದನ್ನು ದೋಷವೆಂದು ತಳ್ಳಿಹಾಕದೆ, ಕೆಳಗೆ ಬಂಡೆಯೋ ಗಟ್ಟಿ ಮರಳೋ ಇದೆಯೆಂಬ ಸುಳಿವಾಗಿ ಓದಿ. ನಕಲು ಬೇಡವೆನಿಸಿದರೆ ಸೆನ್ಸಿಟಿವಿಟಿಯನ್ನು (ಕ್ಷೀಣ ಪ್ರತಿಧ್ವನಿಯನ್ನೂ ತೋರಿಸುವ ಸೂಕ್ಷ್ಮತೆಯನ್ನು) ಸ್ವಲ್ಪ ತಗ್ಗಿಸಿದರೆ ಸಾಕು. ತೀರಾ ತಗ್ಗಿಸಿದರೆ ಸಣ್ಣ ಮೀನುಗಳೂ ಅದರೊಂದಿಗೇ ಮರೆಯಾಗುತ್ತವೆ.