ಎಡಗಾಲಿನ ಹುಡುಗನಿಗೆ ಬಲಬದಿ ಸರಿಯೇ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಚೆಂಡು ಒದೆಯುವುದು ಎಡಗಾಲಲ್ಲೇ. ಓರಗೆಯವರಿಗಿಂತ ಗೇಣುದ್ದ ಗಿಡ್ಡ. ಕೋಚ್ ಅವನನ್ನು ಬಲಬದಿಯ ವಿಂಗರ್ (ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನು) ಮಾಡಿದ್ದಾರೆ. ಹೋದ ತಿಂಗಳು ಸೆಲೆಕ್ಷನ್‌ಗೆ ಹೋದಾಗ ‘ಆಟ ಚೆನ್ನಾಗಿದೆ, ಮೈಕಟ್ಟು ಸಾಲದು’ ಅಂತ ವಾಪಸ್ ಕಳಿಸಿದರು. ಅವತ್ತಿನಿಂದ ಬೂಟು ಮುಟ್ಟಿಲ್ಲ. ಎಡಗಾಲಿನವನಿಗೆ ಬಲಬದಿ ಕೊಟ್ಟದ್ದೇ ತಪ್ಪಾಯಿತೇ? ಏನು ಹೇಳಿ ಸಮಾಧಾನ ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಅಮ್ಮಾ, ನಿಮ್ಮ ಪತ್ರದ ‘ಮೈಕಟ್ಟು ಸಾಲದು’ ಎಂಬ ಸಾಲು ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಏಕೆಂದರೆ ಹೆಚ್ಚುಕಡಿಮೆ ಇದೇ ಮಾತನ್ನು ಇಟಲಿಯ ಫುಟ್ಬಾಲ್ ಆಟಗಾರ ಬ್ರೂನೊ ಕಾಂಟಿಗೂ ಹೇಳಿದ್ದರು. ಹೇಳಿದವರು ಸಾಮಾನ್ಯರಲ್ಲ, ಆ ಕಾಲದ ಹೆಸರಾಂತ ಕೋಚ್ ಹೆಲೆನಿಯೊ ಹೆರೆರಾ. ಹುಡುಗನ ಕಾಲಲ್ಲಿ ಆಟವಿದೆ, ಆದರೆ ಈ ದೇಹಕ್ಕೆ ಫುಟ್ಬಾಲ್ ಒಗ್ಗದು ಎಂದುಬಿಟ್ಟರು.

ಕಾಂಟಿ ಹುಟ್ಟಿದ್ದು 1955ರಲ್ಲಿ, ರೋಮ್‌ನ ದಕ್ಷಿಣಕ್ಕೆ ಕಡಲಂಚಿನ ನೆಟ್ಟುನೊ ಎಂಬ ಊರಲ್ಲಿ. ಅಪ್ಪ ಗಾರೆ ಕೆಲಸದವರು, ಮನೆತುಂಬ ಮಕ್ಕಳು. ಎರಡನೇ ಮಹಾಯುದ್ಧದಲ್ಲಿ ಅಲ್ಲಿಗೆ ಬಂದಿಳಿದ ಅಮೆರಿಕನ್ ಸೈನಿಕರು ಬೇಸ್‌ಬಾಲ್ ಕಲಿಸಿ ಹೋಗಿದ್ದರಿಂದ ಆ ಊರಿಗೆ ಬೇಸ್‌ಬಾಲ್ ಹುಚ್ಚು. ಹುಡುಗ ಅದರಲ್ಲೂ ಎಷ್ಟು ಚುರುಕೆಂದರೆ ಅಮೆರಿಕದಿಂದಲೇ ಕರೆ ಬಂತು. ಅಪ್ಪ ಕಳಿಸಲು ಒಪ್ಪಲಿಲ್ಲ. ಆಮೇಲೆ ರೋಮ್ ನಗರದ ರೋಮಾ ಫುಟ್ಬಾಲ್ ಕ್ಲಬ್ ಸೇರಿಸಿಕೊಂಡಿತು, 1974ರ ಫೆಬ್ರವರಿಯಲ್ಲಿ ಕೋಚ್ ಲೀಡ್‌ಹೋಮ್ ಅವನನ್ನು ದೊಡ್ಡವರ ತಂಡದಲ್ಲಿ ಆಡಿಸಿದರು. ಕೂಡಲೇ ಕಾಯಂ ಜಾಗ ಸಿಕ್ಕಿತೆಂದು ತಿಳಿಯಬೇಡಿ. ಎರಡು ಸಲ, ಒಂದೊಂದು ವರ್ಷ, ಎರಡನೇ ದರ್ಜೆಯಲ್ಲಿದ್ದ ಜಿನೋವಾ ತಂಡಕ್ಕೆ ಹೋಗಿ ಆಡಿ ಬರಬೇಕಾಯಿತು.

ಈಗ ಬದಿಯ ಮಾತು. ಕಾಂಟಿಯದೂ ಎಡಗಾಲೇ, ಹೆಚ್ಚಾಗಿ ಆಡಿದ್ದು ಬಲಬದಿಯಲ್ಲೇ. ಎತ್ತರ ಐದೂವರೆ ಅಡಿ ದಾಟಿ ಒಂದಿಷ್ಟು, ಅಷ್ಟೇ. ಎಡಗಾಲಿನವನು ಬಲಗೆರೆಯಿಂದ, ಅಂದರೆ ಮೈದಾನದ ಬಲ ಅಂಚಿನ ಗೆರೆಯಿಂದ, ಒಳಕ್ಕೆ ತಿರುಗಿದರೆ ಇಡೀ ಮೈದಾನ ಅವನ ಕಣ್ಣೆದುರು ತೆರೆದುಕೊಳ್ಳುತ್ತದೆ, ಗಟ್ಟಿ ಕಾಲಲ್ಲೇ ಗೋಲಿಗೆ ಹೊಡೆಯಬಹುದು. ಅಲ್ಲಿಂದ ಎತ್ತಿದ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಒದೆಯುವ ಚೆಂಡು) ಗೋಲಿನತ್ತ ಬಾಗುತ್ತಾ ಬರುತ್ತದೆ. ಹಾಗಾಗಿ ನಿಮ್ಮ ಕೋಚ್ ಮಾಡಿದ್ದು ತಪ್ಪಲ್ಲ. ಆದರೆ ಬಲಬದಿ ಒಂದೇ ಗೊತ್ತಿದ್ದರೆ ಸಾಲದು. 1982ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಪೋಲೆಂಡ್ ವಿರುದ್ಧ ಕಾಂಟಿ ಎಡಬದಿಯಲ್ಲಿ ಓಡಿ ಬಂದು ಕ್ರಾಸ್ ಕೊಟ್ಟರು, ದೂರದ ಕಂಬದ ಹತ್ತಿರ ಪಾವ್ಲೊ ರೊಸ್ಸಿ ಬಗ್ಗಿ ತಲೆಯಿಂದ ಒಳಗೆ ಹಾಕಿದರು. ಮೂರು ದಿನ ಕಳೆದು ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿ ಎದುರಿನ ಫೈನಲ್. ಕಾಂಟಿಯನ್ನು ಕೆಡವಿದ್ದಕ್ಕೆ ಪೆನಾಲ್ಟಿ ಸಿಕ್ಕಿತು, ಕಬ್ರೀನಿ ಹೊರಗೆ ಹೊಡೆದರು. 81ನೇ ನಿಮಿಷದಲ್ಲಿ, ಎಲ್ಲರ ಕಾಲೂ ಸೋತ ಹೊತ್ತಿನಲ್ಲಿ, ಅದೇ ಕಾಂಟಿ ಬಲಬದಿಯಲ್ಲಿ ದೌಡಾಯಿಸಿ ಚೆಂಡನ್ನು ಅಲ್ಟೊಬೆಲ್ಲಿಗೆ ಒಪ್ಪಿಸಿದರು. 3–0. ಕೊನೆಗೆ 3–1ರಲ್ಲಿ ಕಪ್ ಇಟಲಿಗೆ. ಮೈಕಟ್ಟು ಸಾಲದು ಎನಿಸಿಕೊಂಡವರ ಓಟ ಅದು!

ಮರುವರ್ಷ ರೋಮಾ 41 ವರ್ಷಗಳ ನಂತರ ಇಟಲಿಯ ಲೀಗ್ ಗೆದ್ದಿತು. ಅದು ಖಚಿತವಾದದ್ದು ಎಲ್ಲಿ ಗೊತ್ತೇ? ಜಿನೋವಾದಲ್ಲೇ, ಆ ಊರಿನ ತಂಡದ ವಿರುದ್ಧ 1–1 ಡ್ರಾ ಆದ ಪಂದ್ಯದಲ್ಲಿ.

ನಿಮ್ಮ ಮಗನಿಗೆ ನಾನು ತೋರಿಸಬೇಕೆಂದಿರುವುದು ಮಾತ್ರ ಆ ಗೆಲುವುಗಳನ್ನಲ್ಲ. 1984ರ ಮೇ 30, ಯುರೋಪಿನ ಚಾಂಪಿಯನ್ ಕ್ಲಬ್‌ಗಳ ಯುರೋಪಿಯನ್ ಕಪ್ ಫೈನಲ್, ಎದುರಾಳಿ ಇಂಗ್ಲೆಂಡಿನ ಲಿವರ್‌ಪೂಲ್. ಮೈದಾನ ರೋಮಾದ ಸ್ವಂತ ಮನೆ. ಲಿವರ್‌ಪೂಲ್ ಒಂದು ಗೋಲು ಮುಂದಿದೆ. 42ನೇ ನಿಮಿಷ. ಕಾಂಟಿ ಕ್ರಾಸ್ ಹೊಡೆಯುತ್ತಾರೆ, ಎದುರಿನವನ ಮೈಗೆ ಬಡಿದು ವಾಪಸ್ ಬರುತ್ತದೆ. ಕೈಯೆತ್ತಿ ದೂರುವುದಿಲ್ಲ, ತಲೆ ತಗ್ಗಿಸುವುದಿಲ್ಲ. ಮತ್ತೆ ಎತ್ತುತ್ತಾರೆ, ಜೊತೆಗಾರ ಪ್ರುಝೊ ತಲೆಗೆ ಕೂಡುತ್ತದೆ, ಗೋಲು! ನಾನು ಹುಡುಗರಿಗೆ ಆಟ ಹೇಳಿಕೊಡುವಾಗ ಈ ತುಣುಕನ್ನು ಎಷ್ಟು ಸಲ ತೋರಿಸಿದ್ದೇನೋ. ಮೊದಲ ಕ್ರಾಸ್‌ಗೂ ಎರಡನೆಯದಕ್ಕೂ ನಡುವೆ ಅವರ ಕಾಲು ಎಲ್ಲಿ ಹೋಗುತ್ತದೆ ನೋಡಿ ಅನ್ನುತ್ತೇನೆ. ಅದೇ ರಾತ್ರಿ ಪೆನಾಲ್ಟಿ ಶೂಟೌಟ್‌ನಲ್ಲಿ ಕಾಂಟಿ ಹೊಡೆದದ್ದು ಅಡ್ಡಕಂಬದ ಮೇಲಿಂದ ಹಾರಿತು, ಜೊತೆಗಾರ ಗ್ರಾಝಿಯಾನಿಯದೂ ಹಾಗೆಯೇ, ರೋಮಾ ಸೋತಿತು. ಅದನ್ನೂ ತೋರಿಸಿ, ಮುಚ್ಚಿಡಬೇಡಿ. ಅದಾದ ಮೇಲೂ ಏಳು ವರ್ಷ ಅದೇ ಅಂಗಿ ತೊಟ್ಟು ಆಡಿದರು. 1991ರ ಮೇನಲ್ಲಿ ಅವರ ವಿದಾಯದ ಪಂದ್ಯಕ್ಕೆ ಅದೇ ಸ್ಟೇಡಿಯಂ ತುಂಬಿತ್ತು. ಆಮೇಲೆ ವರ್ಷಗಟ್ಟಲೆ ರೋಮಾದ ಎಳೆಯ ಹುಡುಗರನ್ನು ತಯಾರು ಮಾಡುವ ಹೊಣೆ ಹೊತ್ತವರೂ ಅವರೇ.

ಸಮಾಧಾನದ ಮಾತು ಸದ್ಯ ಬೇಡ, ಕೆಲಸ ಕೊಡಿ. ಬಲಗೆರೆಯಿಂದ ಪೆನಾಲ್ಟಿ ಬಾಕ್ಸ್‌ನ ಮೂಲೆಯವರೆಗೆ ಓರೆಯಾಗಿ ನಾಲ್ಕು ಇಟ್ಟಿಗೆ ಇಡಿ, ಎರಡೆರಡು ಹೆಜ್ಜೆ ಅಂತರ. ಎಡಗಾಲಿನ ಹೊರಮೈಯಿಂದ ಚೆಂಡನ್ನು ಇಟ್ಟಿಗೆಗಳ ನಡುವೆ ತರಲಿ, ಕೊನೆಯ ಇಟ್ಟಿಗೆ ದಾಟಿದ ಮೇಲೆಯೇ ತಲೆ ಎತ್ತಿ ಕ್ರಾಸ್ ಮಾಡಲಿ. ದಿನಕ್ಕೆ ಇಪ್ಪತ್ತು ಸಲ. ಆಮೇಲೆ ಹತ್ತು ಸಲ ಹೊರಗಿನಿಂದ ಓಡಿ ಬಲಗಾಲಲ್ಲಿ. ಮೊದಮೊದಲು ಚೆಂಡು ಎತ್ತೆತ್ತಲೋ ಹೋಗುತ್ತದೆ, ಹೋಗಲಿ ಬಿಡಿ. ಪ್ರತಿ ಪಂದ್ಯದಲ್ಲಿ ಹತ್ತು ನಿಮಿಷವಾದರೂ ಎಡಬದಿಯಲ್ಲಿ ಆಡಿಸಿ ಎಂದು ಕೋಚ್‌ಗೆ ನೀವೇ ಹೋಗಿ ಕೇಳಿ. ಬೂಟನ್ನು ಒರೆಸಿ ಬಾಗಿಲ ಹತ್ತಿರ ಇಟ್ಟಿರಿ, ಹಾಕಿಕೋ ಎನ್ನಬೇಡಿ.