ಒಬಾಮಾಕೇರ್ ವಿರೋಧಿಸುವವರು ಗೌರವದಿಂದ ಮಾತಾಡಿದರೆ ಸೋತ ಹಾಗೇನಾ?

ನೀವು ಕೇಳಿದ್ದು ಇಷ್ಟು: ಅಮೆರಿಕದ ಸರ್ಕಾರ ತಂದ ಆರೋಗ್ಯ ಸುಧಾರಣೆಯನ್ನು ನೀವು ಮನಸಾರೆ ವಿರೋಧಿಸುತ್ತೀರಿ. ಆದರೆ ನಿಮ್ಮ ಪಕ್ಷದವರು ಎದುರಿನವರನ್ನು ಬಯ್ಯುವ ರೀತಿ ನೋಡಿದರೆ ಬೇಜಾರಾಗುತ್ತದೆ. ಅದನ್ನು ಹೇಳಿದರೆ, "ಮೆತ್ತಗೆ ಮಾತಾಡಿದರೆ ಸೋಲು ಒಪ್ಪಿಕೊಂಡ ಹಾಗೆ" ಅನ್ನುತ್ತಾರೆ. ಅದು ನಿಜವಾ?

ನಿಜ ಅಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಮೊದಲೇ ತಿಳಿಸಿಬಿಡುತ್ತೇನೆ, ನಾನು ಆ ಕಾನೂನಿನ ಪರ ಇರುವವನು. ಆದರೂ ಕೂತು ಉದ್ದವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಆ ಕಾನೂನಿನ ತಪ್ಪುಗಳನ್ನು ಸರಿಯಾಗಿ ಹಿಡಿದವರು ಅದರ ವಿರೋಧಿಗಳೇ. ಕೂಗಾಟದಲ್ಲಿ ಅವರ ಮಾತು ಯಾರಿಗೂ ಕೇಳಿಸದೆ ಹೋಯಿತು. ಅದರಿಂದ ನಷ್ಟ ಆಗಿದ್ದು ಎರಡೂ ಪಕ್ಷದ ಜನರಿಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಒಬಾಮಾಕೇರ್ ಅಂತ ಎಲ್ಲರೂ ಕರೆಯುವ, ಹೆಚ್ಚು ಜನರಿಗೆ ಆರೋಗ್ಯ ವಿಮೆ ಸಿಗುವ ಹಾಗೆ ಮಾಡಲು ತಂದ ಅಫೋರ್ಡಬಲ್ ಕೇರ್ ಆಕ್ಟ್‌ಗೆ ಆಗಿನ ಡೆಮಾಕ್ರಟಿಕ್ ಅಧ್ಯಕ್ಷ ಒಬಾಮಾ ಸಹಿ ಹಾಕಿದ್ದು 2010ರ ಮಾರ್ಚ್ 23ರಂದು. ಅದಕ್ಕೆ ಎರಡು ದಿನ ಮುಂಚೆ ಕೆಳಮನೆಯಲ್ಲಿ ಅದು 219–212 ಮತಗಳಿಂದ ಪಾಸಾಗಿತ್ತು. ಒಬ್ಬನೇ ಒಬ್ಬ ರಿಪಬ್ಲಿಕನ್ ಕೂಡ ಅದರ ಪರ ಮತ ಹಾಕಲಿಲ್ಲ.

ಜನರ ನೆನಪಿನಲ್ಲಿ ಉಳಿದಿರುವುದು 2009ರ ಸೆಪ್ಟೆಂಬರ್ 9ರ ರಾತ್ರಿ. ಎರಡೂ ಸದನಗಳ ಜಂಟಿ ಸಭೆಯಲ್ಲಿ ಒಬಾಮಾ ಮಾತಾಡುತ್ತಿದ್ದರು. ಅಕ್ರಮವಾಗಿ ದೇಶದಲ್ಲಿರುವವರಿಗೆ ಈ ಯೋಜನೆ ಅನ್ವಯಿಸುವುದಿಲ್ಲ ಅಂದರು. ಸೌತ್ ಕೆರೊಲಿನಾದ ಸಂಸದ ಜೋ ವಿಲ್ಸನ್ ಕೂತಲ್ಲಿಂದಲೇ "ನೀವು ಸುಳ್ಳು ಹೇಳುತ್ತಿದ್ದೀರಿ!" ಅಂತ ಕೂಗಿದರು. ಸಭೆ ಒಂದು ಕ್ಷಣ ದಂಗಾಯಿತು. ವಿಲ್ಸನ್ ಅದೇ ರಾತ್ರಿ ಕ್ಷಮೆ ಕೇಳಿದರು, ಒಬಾಮಾ ಒಪ್ಪಿಕೊಂಡರು. ಮುಂದಿನ ವಾರ ಕೆಳಮನೆ 240–179 ಮತಗಳಿಂದ ವಿಲ್ಸನ್ ನಡತೆಗೆ ಅಸಮ್ಮತಿ ಸೂಚಿಸಿ ನಿರ್ಣಯ ಮಾಡಿತು. ಅಷ್ಟರಲ್ಲಿ ವಿಲ್ಸನ್‌ಗೂ, ಅವರ ಎದುರು ಚುನಾವಣೆಗೆ ನಿಂತಿದ್ದ ಡೆಮಾಕ್ರಟಿಕ್ ಅಭ್ಯರ್ಥಿಗೂ ತಲಾ ಹತ್ತು ಲಕ್ಷ ಡಾಲರ್‌ಗಿಂತ ಜಾಸ್ತಿ ದೇಣಿಗೆ ಹರಿದು ಬಂದಿತ್ತು. ಬೈಗುಳ ಯಾಕೆ ನಿಲ್ಲುವುದಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಅದರಿಂದ ಎರಡೂ ಕಡೆಯವರಿಗೆ ದುಡ್ಡು ಹುಟ್ಟುತ್ತದೆ.

ಆದರೆ ಆ ಕೂಗಿನ ಹಿಂದೆ ಒಂದು ಒಳ್ಳೆಯ ಪ್ರಶ್ನೆಯೂ ಇತ್ತು. ಅನ್ವಯಿಸುವುದಿಲ್ಲ ಅಂತ ಬರೆದರೆ ಸಾಕಾ, ಅದನ್ನು ಯಾರು, ಹೇಗೆ ಪರಿಶೀಲಿಸುತ್ತಾರೆ? ರಿಪಬ್ಲಿಕನ್ನರು ಇದನ್ನು ಅದಕ್ಕೂ ಮುಂಚೆಯೇ ಸಮಿತಿಯಲ್ಲಿ ತಿದ್ದುಪಡಿಯಾಗಿ ಮಂಡಿಸಿದ್ದರು, ಅದು ಬಿದ್ದುಹೋಗಿತ್ತು. ಕೂಗಿದ ಮೇಲೆ ಆ ನಿಯಮ ಬಿಗಿಯಾಯಿತಲ್ಲ ಅಂತ ನೀವು ಹೇಳಬಹುದು. ಹೌದು, ಬಿಗಿಯಾಯಿತು. ಕೊನೆಗೆ ಬಂದ ಕಾನೂನಿನ ಪ್ರಕಾರ ಅಂಥವರು ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಸ್ವಂತ ದುಡ್ಡು ಕೊಟ್ಟರೂ ಪಾಲಿಸಿ ಕೊಳ್ಳುವ ಹಾಗಿಲ್ಲ. ಆದರೆ ಒಂದು ವಾರ ದೇಶ ಪೂರ್ತಿ ಚರ್ಚೆ ಮಾಡಿದ್ದು ವಿಲ್ಸನ್ ನಡತೆಯನ್ನು. ಪರಿಶೀಲನೆಯ ವಿಷಯ ಸುದ್ದಿಯ ಕೆಳಗೆ ಎಲ್ಲೋ ಸೇರಿಹೋಯಿತು.

ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು "ಡೆತ್ ಪ್ಯಾನೆಲ್" ಕಥೆ.

ಕೆಳಮನೆಯ ಮಸೂದೆಯಲ್ಲಿ ಸೆಕ್ಷನ್ 1233 ಅಂತ ಒಂದು ಇತ್ತು. ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್. ಆ ವಿಮೆ ಇರುವವರು ತಮ್ಮ ಕೊನೆಗಾಲದ ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರ ಹತ್ತಿರ ಕೂತು ಮಾತಾಡಲು ಬಯಸಿದರೆ, ಡಾಕ್ಟರ ಆ ಸಮಯಕ್ಕೆ ಮೆಡಿಕೇರ್ ಫೀಸು ಕೊಡಬೇಕು. ಐದು ವರ್ಷಕ್ಕೊಮ್ಮೆ, ಆರೋಗ್ಯ ಕೆಟ್ಟರೆ ಇನ್ನೂ ಬೇಗ. ಪ್ರಜ್ಞೆ ತಪ್ಪಿದರೆ ನನ್ನ ಪರವಾಗಿ ಯಾರು ನಿರ್ಧಾರ ಮಾಡಬೇಕು, ವೆಂಟಿಲೇಟರ್ ಬೇಕಾ ಬೇಡವಾ, ಮನೆಯಲ್ಲೇ ಆರೈಕೆ ಸಿಗುತ್ತದಾ, ಇಂಥ ಮಾತುಗಳು. ಬೇಕಿದ್ದವರು ಮಾತಾಡಬಹುದು, ಬೇಡದವರು ಬಿಡಬಹುದು. 2009ರ ಆಗಸ್ಟ್ 7ರಂದು 2008ರಲ್ಲಿ ರಿಪಬ್ಲಿಕನ್ನರ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಫೇಸ್‌ಬುಕ್‌ನಲ್ಲಿ ಬರೆದರು: ತನ್ನ ಅಪ್ಪ ಅಮ್ಮ, ಡೌನ್ ಸಿಂಡ್ರೋಮ್ ಇರುವ ತನ್ನ ಮಗು ಒಬಾಮಾರ "ಡೆತ್ ಪ್ಯಾನೆಲ್" ಮುಂದೆ ನಿಲ್ಲಬೇಕಾಗುತ್ತದೆ, ಚಿಕಿತ್ಸೆಗೆ ಯೋಗ್ಯರಾ ಅಂತ ಅಧಿಕಾರಿಗಳು ತೀರ್ಮಾನ ಮಾಡುತ್ತಾರೆ ಅಂತ. ಮಸೂದೆಯಲ್ಲಿ ಅಂಥದ್ದು ಏನೂ ಇರಲಿಲ್ಲ. ಜಾರ್ಜಿಯಾದ ರಿಪಬ್ಲಿಕನ್ ಸೆನೆಟರ್ ಜಾನಿ ಐಸಾಕ್ಸನ್ ಇಂಥ ಮಾತುಕತೆಗೆ ಅನುಕೂಲ ಮಾಡಿಕೊಡಬೇಕು ಅಂತ ತಾವೇ ಹಿಂದಿನಿಂದ ಕೆಲಸ ಮಾಡುತ್ತಿದ್ದವರು. ಅವರೂ ಈ ಆರೋಪಕ್ಕೆ ತಲೆಬುಡ ಇಲ್ಲ ಅಂದರು. ಯಾರೂ ಕೇಳಲಿಲ್ಲ. ಕೊನೆಗೆ ಆ ಸೆಕ್ಷನ್ ಬಿಟ್ಟುಹೋಯಿತು. ಡಾಕ್ಟರ ಆ ಮಾತುಕತೆಗೆ ಮೆಡಿಕೇರ್ ಪ್ರತ್ಯೇಕವಾಗಿ ಫೀಸು ಕೊಡಲು ಶುರು ಮಾಡಿದ್ದು 2016ರ ಜನವರಿಯಿಂದ. ನಡುವಿನ ಆ ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಐಸಿಯು ಬಾಗಿಲಲ್ಲಿ ನಿಂತು, ಅಮ್ಮನ ಇಷ್ಟ ಏನಿತ್ತು ಅಂತ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬಹುದು! ಅವರಲ್ಲಿ ರಿಪಬ್ಲಿಕನ್ನರೂ ಇದ್ದರು ಅಲ್ವಾ?

ಈಗ ಇದರ ಇನ್ನೊಂದು ಮಗ್ಗುಲು ನೋಡಿ. ಖರ್ಚು ಉಳಿಸಲು ಹೊರಟ ಸರ್ಕಾರ ವಯಸ್ಸಾದವರ ಚಿಕಿತ್ಸೆಗೆ ಕತ್ತರಿ ಹಾಕುತ್ತದಾ ಅನ್ನುವ ಭಯ ಸುಳ್ಳು ಭಯ ಅಲ್ಲ. ಅದೇ ಕಾನೂನಿನಲ್ಲಿ 15 ಜನರ ಒಂದು ಮಂಡಳಿಯ ವ್ಯವಸ್ಥೆ ಇತ್ತು. ಮೆಡಿಕೇರ್ ಖರ್ಚು ಒಂದು ಮಿತಿ ದಾಟಿದರೆ ಕಡಿತ ಸೂಚಿಸುವ ಅಧಿಕಾರ ಅದಕ್ಕೆ. ಸಂಸತ್ತು ಬೇರೆ ದಾರಿ ಹುಡುಕದಿದ್ದರೆ ಆ ಸೂಚನೆಯೇ ಜಾರಿಗೆ ಬರುತ್ತಿತ್ತು. ಚಿಕಿತ್ಸೆಗೆ ರೇಷನ್ ಹಾಕುವ ಹಾಗಿಲ್ಲ ಅಂತ ಕಾನೂನೇ ಬರೆದಿತ್ತು, ನಿಜ. ಆದರೆ ಜನ ಆರಿಸದ 15 ಮಂದಿಗೆ ಇಷ್ಟು ಅಧಿಕಾರ ಯಾಕೆ ಅನ್ನುವ ಪ್ರಶ್ನೆ ಉಳಿದೇ ಇತ್ತು. ಅದನ್ನು ಕೇಳಿದವರಲ್ಲಿ ಕೆಲವು ಡೆಮಾಕ್ರಟಿಕ್ ಸಂಸದರೂ ಇದ್ದರು. ಆ ಮಂಡಳಿಗೆ ಒಬ್ಬ ಸದಸ್ಯನ ನೇಮಕವೂ ಆಗಲಿಲ್ಲ. 2018ರ ಫೆಬ್ರವರಿಯಲ್ಲಿ ಎರಡೂ ಪಕ್ಷದವರ ಮತ ಇದ್ದ ಬಜೆಟ್ ಕಾನೂನು ಅದನ್ನು ತೆಗೆದೇ ಹಾಕಿತು. ಅಂದರೆ ಸುಳ್ಳು ಆರೋಪ ಒಂದು ಒಳ್ಳೆಯ ಸೌಲಭ್ಯವನ್ನು ಬಲಿ ತೆಗೆದುಕೊಂಡಿತು. ಪುಟ ತೆರೆದು ಕೇಳಿದ ಪ್ರಶ್ನೆಗೆ ಬೇಕಾದ ಫಲ ಸಿಕ್ಕಿತು.

ನನ್ನ ಕಡೆಯವರ ಬಗ್ಗೆಯೂ ಹೇಳಲೇಬೇಕು. 2009ರ ಆಗಸ್ಟ್‌ನ ಟೌನ್‌ಹಾಲ್ ಸಭೆಗಳಲ್ಲಿ, ಅಂದರೆ ಸಂಸದರು ಜನರನ್ನು ಭೇಟಿಯಾಗುವ ಸಭೆಗಳಲ್ಲಿ, ಗಲಾಟೆ ಜೋರಾದಾಗ, ಕೆಳಮನೆಯ ಡೆಮಾಕ್ರಟಿಕ್ ನಾಯಕರಾದ ನ್ಯಾನ್ಸಿ ಪೆಲೋಸಿ ಮತ್ತು ಸ್ಟೆನಿ ಹೋಯರ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಬೇರೆಯವರ ಮಾತು ಕೇಳಿಸದಂತೆ ಕೂಗುವುದು ಅಮೆರಿಕನ್ನರಿಗೆ ತಕ್ಕದ್ದಲ್ಲ ಅಂದರು. ಕೂಗಿದ ಕೆಲವರಿಗೆ ಹೇಳಿದ ಮಾತು ಅದು. ಆದರೆ ಸಭೆಗೆ ಬಂದ ಪ್ರತಿಯೊಬ್ಬ ವಿರೋಧಿಗೂ ತನ್ನ ದೇಶಪ್ರೇಮವನ್ನೇ ಪ್ರಶ್ನೆ ಮಾಡಿದ ಹಾಗೆ ಕೇಳಿಸಿತು. ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ಡೆಮಾಕ್ರಟಿಕ್ ಸಂಸದ ಅಲನ್ ಗ್ರೇಸನ್ ಸದನದಲ್ಲಿ ನಿಂತು, ಕಾಯಿಲೆ ಬಿದ್ದರೆ ಬೇಗ ಸಾಯಿರಿ, ಇದೇ ರಿಪಬ್ಲಿಕನ್ನರ ಆರೋಗ್ಯ ಯೋಜನೆ ಅಂದರು. ಇದಕ್ಕೂ ಡೆತ್ ಪ್ಯಾನೆಲ್ ಮಾತಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎದುರಿನವರು ಜನ ಸಾಯಲಿ ಅಂತ ಬಯಸುತ್ತಾರೆ ಅಂದ ಮೇಲೆ ಅವರ ಹತ್ತಿರ ಮಾತಾಡುವುದಕ್ಕೆ ಏನು ಉಳಿಯಿತು?

ಹೀಗೆ ಕಿವಿ ಮುಚ್ಚಿಕೊಂಡಿದ್ದಕ್ಕೆ ನಮ್ಮವರು ದೊಡ್ಡ ಬೆಲೆ ತೆತ್ತರು. ಈಗಿರುವ ಇನ್ಶೂರೆನ್ಸ್ ನಿಮಗೆ ಇಷ್ಟ ಇದ್ದರೆ ಅದನ್ನೇ ಇಟ್ಟುಕೊಳ್ಳಬಹುದು ಅಂತ ಒಬಾಮಾ ಮತ್ತೆ ಮತ್ತೆ ಹೇಳಿದ್ದರು. ಹಳೆಯ ಪಾಲಿಸಿಗಳಿಗೆ ವಿನಾಯಿತಿ ಕೊಡುವ ನಿಯಮ ಬಂದಾಗ, ವಯೋಮಿಂಗ್‌ನ ರಿಪಬ್ಲಿಕನ್ ಸೆನೆಟರ್ ಮೈಕ್ ಎನ್ಜಿ ಅದನ್ನು ಓದಿ, ಇದು ತುಂಬಾ ಬಿಗಿಯಾಗಿದೆ, ಬಹಳ ಜನರ ಪಾಲಿಸಿ ಉಳಿಯುವುದಿಲ್ಲ ಅಂತ ಎಚ್ಚರಿಸಿದರು. ಎನ್ಜಿ ಕೂಗಾಡುವ ಮನುಷ್ಯ ಆಗಿರಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಆ ನಿಯಮ ರದ್ದು ಮಾಡಲು ಅವರು ತಂದ ನಿರ್ಣಯ 40–59 ಮತಗಳಿಂದ ಸೋತಿತು, ಡೆಮಾಕ್ರಟಿಕ್ ಕಡೆಯಿಂದ ಒಂದು ಮತವೂ ಬೀಳಲಿಲ್ಲ. 2013ರಲ್ಲಿ ಲಕ್ಷಾಂತರ ಜನರ ಮನೆಗೆ ಪಾಲಿಸಿ ರದ್ದಾದ ಪತ್ರಗಳು ಬಂದವು. ಒಬಾಮಾ ಟಿವಿಯಲ್ಲಿ ಕ್ಷಮೆ ಕೇಳಬೇಕಾಯಿತು. ಡೆತ್ ಪ್ಯಾನೆಲ್ ಅಂತ ಕೂಗಿದವರ ಜೊತೆಗೇ ಎನ್ಜಿಯನ್ನೂ ಸೇರಿಸಿ ಪಕ್ಕಕ್ಕಿಟ್ಟಿದ್ದರಿಂದ ಆದ ಪರಿಣಾಮ ಇದು ಅಂತ ನನ್ನ ಅಭಿಪ್ರಾಯ.

ಹಾಗಾದರೆ ಸರಿಯಾದ ವಿರೋಧ ಹೇಗಿರುತ್ತದೆ? 2010ರ ಫೆಬ್ರವರಿ 25ರಂದು ಅಧ್ಯಕ್ಷರ ಅತಿಥಿ ಗೃಹವಾದ ಬ್ಲೇರ್ ಹೌಸ್‌ನಲ್ಲಿ ನಡೆದ ಸಭೆಯ ವಿಡಿಯೋ ಸಿಕ್ಕಿದರೆ ನೋಡಿ. ಒಬಾಮಾ ಎರಡೂ ಪಕ್ಷದ ನಾಯಕರನ್ನು ಒಂದೇ ಮೇಜಿನ ಸುತ್ತ ಕೂರಿಸಿಕೊಂಡು ಸುಮಾರು ಏಳು ಗಂಟೆ ಚರ್ಚೆ ಮಾಡಿದರು, ಎಲ್ಲವೂ ಟಿವಿಯಲ್ಲಿ ನೇರಪ್ರಸಾರ. ಎಲ್ಲವೂ ಸುಗಮವಾಗಿ ನಡೆಯಿತು ಅಂತ ಅಲ್ಲ. ಮಸೂದೆ ಮುಚ್ಚಿದ ಬಾಗಿಲ ಹಿಂದೆ ತಯಾರಾಯಿತು ಅಂತ 2008ರ ಅಧ್ಯಕ್ಷ ಚುನಾವಣೆಯಲ್ಲಿ ಒಬಾಮಾ ಎದುರು ಸೋತಿದ್ದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ದೂರಿದಾಗ, ಚುನಾವಣೆ ಮುಗಿದಿದೆ ಜಾನ್, ಅಂತ ಒಬಾಮಾ ಚುಚ್ಚಿದರು. ಮೆಕೇನ್ ಎದ್ದು ಹೋಗಲಿಲ್ಲ. ಮುಂದೆ ಅವರು ಒಂದು ನಿರ್ದಿಷ್ಟ ಅಂಶ ಎತ್ತಿದರು: ಖಾಸಗಿ ಕಂಪನಿಗಳ ಮೂಲಕ ಸಿಗುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಯ ಕಡಿತದಿಂದ ಫ್ಲಾರಿಡಾದ 8 ಲಕ್ಷ ಜನರಿಗೆ ಮಾತ್ರ ವಿನಾಯಿತಿ ಯಾಕೆ? ಬೇರೆ ರಾಜ್ಯದ ವಯಸ್ಸಾದವರು ಏನು ಪಾಪ ಮಾಡಿದ್ದಾರೆ? ಒಬಾಮಾ ಅದನ್ನು ಕೇಳಿ, ನಿಮ್ಮ ಮಾತು ನ್ಯಾಯವಾದದ್ದು ಅಂದರು. ಮಾರ್ಚ್ 2ರಂದು ನಾಯಕರಿಗೆ ಬರೆದ ಪತ್ರದಲ್ಲಿ ಮೆಕೇನ್ ಹೆಸರು ಹೇಳಿಯೇ, ಅದು ತಮ್ಮ ಪ್ರಸ್ತಾವದಲ್ಲಿ ಇಲ್ಲ ಅಂತ ತಿಳಿಸಿದರು. ಅದೇ ಪತ್ರದಲ್ಲಿ, ಮೆಡಿಕೇರ್ ಮೋಸ ಹಿಡಿಯಲು ವೈದ್ಯಕೀಯ ವೃತ್ತಿಯವರನ್ನೇ ಗುಟ್ಟಾಗಿ ಕಳಿಸಬೇಕು ಅನ್ನುವ ಟಾಮ್ ಕೋಬರ್ನ್ ಸಲಹೆಯನ್ನೂ ಗಂಭೀರವಾಗಿ ತೆಗೆದುಕೊಂಡರು. ಕೋಬರ್ನ್ ಒಕ್ಲಹೋಮಾದ ರಿಪಬ್ಲಿಕನ್ ಸೆನೆಟರ್ ಆಗಿದ್ದರು, ಸ್ವತಃ ಡಾಕ್ಟರ್.

ಗಮನಿಸಿ, ಮೆಕೇನ್ ಆಗಲಿ ಕೋಬರ್ನ್ ಆಗಲಿ ಒಂದಿಂಚೂ ಬಗ್ಗಲಿಲ್ಲ. ಇಬ್ಬರೂ ಕಾನೂನಿನ ವಿರುದ್ಧವೇ ಮತ ಹಾಕಿದರು. ಆದರೆ ಏನು ಸರಿ ಇಲ್ಲ, ಎಲ್ಲಿ ಸರಿ ಇಲ್ಲ ಅಂತ ಬೆರಳಿಟ್ಟು ತೋರಿಸಿದರು. ಅದಕ್ಕೆ ಉತ್ತರ ಕೊಡದೆ ಜಾರಿಕೊಳ್ಳಲು ಅಧ್ಯಕ್ಷರಿಗೂ ಆಗಲಿಲ್ಲ. ನನ್ನ ಪ್ರಕಾರ ಗೌರವ ಅಂದರೆ ಇಷ್ಟೇ. ಎದುರಿನವರು ನಿಜವಾಗಿ ಏನು ಹೇಳಿದ್ದಾರೋ ಅದಕ್ಕೆ ಉತ್ತರ ಕೊಡುವುದು. ದನಿ ಎಷ್ಟು ಜೋರು ಅನ್ನುವುದು ಆಮೇಲಿನ ಮಾತು.

"ಆದರೆ ಕೂಗಿದವರೇ ಗೆದ್ದರಲ್ಲ, 2010ರ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ಕೆಳಮನೆಯಲ್ಲಿ 63 ಸೀಟು ಜಾಸ್ತಿ ಬಂತು" ಅಂತ ನಿಮ್ಮ ಗೆಳೆಯರು ವಾದಿಸಬಹುದು. ಚುನಾವಣೆ ಗೆದ್ದರು, ಒಪ್ಪುತ್ತೇನೆ. ಕಾನೂನು ಮಾತ್ರ ಉಳಿಯಿತು. ಅದಕ್ಕೆ ದೊಡ್ಡ ಪೆಟ್ಟು ಬಿದ್ದಿದ್ದು 2012ರ ಜೂನ್ 28ರಂದು, ಸುಪ್ರೀಂ ಕೋರ್ಟಿನಲ್ಲಿ. ಬಡವರ ವಿಮೆಯಾದ ಮೆಡಿಕೇಡ್ ವಿಸ್ತರಿಸದ ರಾಜ್ಯಗಳಿಗೆ ಮೊದಲಿನಿಂದ ಕೊಡುತ್ತಿದ್ದ ಹಣವನ್ನೂ ನಿಲ್ಲಿಸುತ್ತೇವೆ ಅನ್ನುವುದು ಬಲವಂತ ಅಂತ ವಿರೋಧಿ ರಾಜ್ಯಗಳು ವಾದಿಸಿದವು. ಕೋರ್ಟು 7–2ರಲ್ಲಿ ಅದನ್ನು ಒಪ್ಪಿತು. ಆ ಏಳು ಜನರಲ್ಲಿ ಸ್ವತಃ ಒಬಾಮಾ ನೇಮಿಸಿದ್ದ ಎಲೆನಾ ಕೇಗನ್ ಕೂಡ ಇದ್ದರು. ಆ ತೀರ್ಪಿನಿಂದ ನನಗೆ ದುಃಖವಾಯಿತು, ಎಷ್ಟೋ ಬಡವರು ವಿಮೆಯಿಂದ ಹೊರಗೆ ಉಳಿದರು. ಆದರೂ ವಾದ ಮಾಡಿ ಎದುರು ಪಾಳಯದವರನ್ನೇ ಒಪ್ಪಿಸಿದ ಗೆಲುವು ಅದು.

ಒಂದು ಮಾತು ಸ್ಪಷ್ಟ ಮಾಡಬೇಕು. ಕಾಯಿಲೆಯ ಮಗುವನ್ನು ಮನೆಯಲ್ಲಿಟ್ಟುಕೊಂಡ ತಾಯಿ ಸಭೆಯಲ್ಲಿ ಎದ್ದು ಕಿರುಚಿದರೆ ಅದನ್ನು ನಾನು ಅಸಭ್ಯತೆ ಅನ್ನುವುದಿಲ್ಲ, ಅವಳು ಯಾವ ಪಕ್ಷದವಳಾದರೂ ಸರಿ. 2009ರಲ್ಲಿ ಡೆಮಾಕ್ರಟಿಕ್ ಸಂಸದರ ಮುಂದೆ ಜನ ಕಿರುಚಿದರು. 2017ರ ಫೆಬ್ರವರಿಯಲ್ಲಿ, ಕಾನೂನನ್ನು ರದ್ದು ಮಾಡುತ್ತೇವೆ ಅಂತ ಹೊರಟ ರಿಪಬ್ಲಿಕನ್ನರ ಸರದಿ. ಯೂಟಾದಲ್ಲಿ ಜೇಸನ್ ಚೇಫೆಟ್ಸ್ ಅವರಿಗೆ ಮಾತು ಮುಗಿಸಲೂ ಬಿಡಲಿಲ್ಲ, "ನಿಮ್ಮ ಕೆಲಸ ಮಾಡಿ!" ಅಂತ ಸಭೆಯೇ ಕೂಗಿತು. ಭಯ ಇರುವವರು ಕೂಗುತ್ತಾರೆ. ಕೂತು ಕೇಳಿಸಿಕೊಳ್ಳುವುದು ಸಂಸದರ ಕೆಲಸ. ನಾನು ಕಟ್ಟುನಿಟ್ಟಾಗಿ ಅಳೆಯುವುದು ಮೈಕು, ಹುದ್ದೆ, ಮಸೂದೆಯ ಪ್ರತಿ ಮೂರೂ ಕೈಯಲ್ಲಿದ್ದು ಆ ಭಯಕ್ಕೆ ಸುಳ್ಳು ತುಂಬಿಸುವವರನ್ನು. 2017ರ ಮೇ 4ರಂದು ರದ್ದತಿ ಮಸೂದೆ ಕೆಳಮನೆಯಲ್ಲಿ ಪಾಸಾದಾಗ, ಮುಂದಿನ ಚುನಾವಣೆಯಲ್ಲಿ ನೀವು ಸೋಲುತ್ತೀರಿ ಅಂತ ಡೆಮಾಕ್ರಟಿಕ್ ಸಂಸದರು ಬೀಳ್ಕೊಡುವ ಹಾಡು ಹಾಡಿ ಅಣಕಿಸಿದರು. ಜನರ ವಿಮೆ ಹೋಗುತ್ತದೆ ಅಂತ ಅವರೇ ಹೇಳುತ್ತಿದ್ದ ದಿನ ಹಾಡಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ನಿಮಗೆ ಈಗ ಮಾಡಲು ಕೆಲಸ ಬೇಕಾದಷ್ಟಿದೆ. ಈ ಕಾನೂನಿನಡಿ ಜನರ ವಿಮಾ ಪ್ರೀಮಿಯಂಗೆ ಸರ್ಕಾರ ಕೊಡುವ ಸಬ್ಸಿಡಿಯನ್ನು 2021ರಲ್ಲಿ ಹೆಚ್ಚಿಸಿದಾಗ ಆದಾಯದ ಮೇಲ್ಮಿತಿ ತೆಗೆದರು. ಆ ಹೆಚ್ಚುವರಿ ಸಬ್ಸಿಡಿಯನ್ನು ಆಮೇಲೆ 2025ರ ಕೊನೆಯವರೆಗೆ ವಿಸ್ತರಿಸಿದ್ದರು, ಅದನ್ನು ಇನ್ನೂ ಮುಂದುವರಿಸುವ ಜಗಳದಲ್ಲಿ ಸರ್ಕಾರದ ಕೆಲಸವೇ 43 ದಿನ ನಿಂತುಹೋಯಿತು. ಚೆನ್ನಾಗಿ ಸಂಪಾದಿಸುವವರಿಗೂ ತೆರಿಗೆ ಹಣ ಯಾಕೆ ಅಂತ ಕೇಳಿ. ಆ ಹಣ ನೇರವಾಗಿ ವಿಮಾ ಕಂಪನಿಗೆ ಹೋಗುವಾಗ ಪ್ರೀಮಿಯಂ ಇಳಿಸಲು ಕಂಪನಿಗೆ ಯಾವ ಒತ್ತಡ ಇರುತ್ತದೆ ಅಂತ ಕೇಳಿ. ಎರಡೂ ಗಟ್ಟಿ ಪ್ರಶ್ನೆಗಳು. ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇದೆ: ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವ, ಸ್ವಂತ ಕಸುಬು ಮಾಡುವ ದಂಪತಿಗೆ ಆ ಮೇಲ್ಮಿತಿ ಇದ್ದರೆ, ಅದನ್ನು ಸ್ವಲ್ಪ ದಾಟಿದರೂ ಪ್ರೀಮಿಯಂ ಪೂರ್ತಿ ಅವರ ತಲೆಯ ಮೇಲೆ ಬೀಳುತ್ತದೆ, ಅವರ ವಯಸ್ಸಿಗೆ ಅದು ತುಂಬಾ ದುಬಾರಿ. ಎರಡನೆಯದರಲ್ಲಿ ನಿಮ್ಮ ಮಾತಿಗೆ ತೂಕ ಜಾಸ್ತಿ ಅಂತಲೇ ನನಗೂ ಅನ್ನಿಸುತ್ತದೆ. ಅದರ ಬಗ್ಗೆ ನೀವು ವಿವರವಾಗಿ ಬರೆಯಿರಿ. ನಾನು ಓದಿ ಉತ್ತರ ಕೊಡುತ್ತೇನೆ.