‘ಸಮರ್‌ಟೈಮ್’ ಹಾಡಿನ ಸಾಹಿತ್ಯ ಯಾರದ್ದು?

ಪ್ರಶ್ನೆ: ಅಮೆರಿಕದ ‘ಪೋರ್ಗಿ ಅಂಡ್ ಬೆಸ್’ ಆಪೆರಾದ (ಹಾಡಿನಲ್ಲೇ ಸಾಗುವ ನಾಟಕ) ‘ಸಮರ್‌ಟೈಮ್’ ನನಗೆ ತುಂಬಾ ಇಷ್ಟ. ಇದು ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್ ಹಾಡು ಅಂತಲೇ ತಿಳಿದಿದ್ದೆ. ಈಗ ನೋಡಿದರೆ ಸಾಹಿತ್ಯ ಡುಬೋಸ್ ಹೇವರ್ಡ್ ಅವರದ್ದು ಅಂತಿದೆ. ಅವರು ಕಾದಂಬರಿಕಾರರು, ಕಥೆ ಕೊಟ್ಟಿರಬಹುದು. ಹಾಡುಗಳನ್ನು ಜಾರ್ಜ್ ಗರ್ಶ್ವಿನ್ ಅವರ ಅಣ್ಣ ಐರಾ ಬರೆದಿರಬೇಕು ಅಲ್ವಾ?

ಉತ್ತರ: ಅಲ್ಲ. ‘ಸಮರ್‌ಟೈಮ್’ ಸಾಹಿತ್ಯ ಪೂರ್ತಿ ಹೇವರ್ಡ್ ಅವರದ್ದೇ. ‘ಮೈ ಮ್ಯಾನ್ಸ್ ಗಾನ್ ನೌ’ ಕೂಡ ಅವರದ್ದೇ. ‘ಇಟ್ ಏಂಟ್ ನೆಸೆಸರಿಲಿ ಸೋ’ ಐರಾ ಬರೆದದ್ದು. ‘ಬೆಸ್, ಯು ಈಸ್ ಮೈ ವುಮನ್ ನೌ’ ಇಬ್ಬರೂ ಸೇರಿ ಬರೆದದ್ದು. ಗರ್ಶ್ವಿನ್ ಹೆಸರು ಎಷ್ಟು ದೊಡ್ಡದೆಂದರೆ ಹೇವರ್ಡ್ ಹೆಸರು ಅದರ ಹಿಂದೆ ಮರೆಯಾಗಿಬಿಟ್ಟಿದೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಹೇವರ್ಡ್ ಹುಟ್ಟಿದ್ದು 1885ರಲ್ಲಿ, ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ. ಆ ಕರಾವಳಿಯ ಕಪ್ಪು ಜನರ ಮಾತು ಗಲ್ಲಾ. ಹೇವರ್ಡ್ ಬಿಳಿಯರು, ಆದರೆ ಅವರ ತಾಯಿಯೇ ಗಲ್ಲಾ ಕಥೆಗಳನ್ನು ಜನರ ಮುಂದೆ ಹೇಳುತ್ತಿದ್ದರು. ಹಾಗಾಗಿ ಆ ಮಾತಿನ ಲಯ ಚಿಕ್ಕಂದಿನಿಂದ ಅವರ ಕಿವಿಯಲ್ಲಿತ್ತು. 1925ರಲ್ಲಿ ಆ ಜನರ ಬದುಕಿನ ಕಥೆಯಾದ ‘ಪೋರ್ಗಿ’ ಕಾದಂಬರಿ ಬಂತು. ಪತ್ನಿ ಡೊರೊಥಿ ಜೊತೆ ಸೇರಿ ಅದನ್ನು ನಾಟಕ ಮಾಡಿದರು, 1927ರಲ್ಲಿ ಅದು ರಂಗಕ್ಕೆ ಬಂತು. ಆಪೆರಾ ಬಂದದ್ದು 1935ರಲ್ಲಿ. ಗರ್ಶ್ವಿನ್ ಅದನ್ನು ಜನಪದ ಆಪೆರಾ ಎಂದು ಕರೆದರು. ಆದರೆ ಹಳೆಯ ಜನಪದ ಹಾಡುಗಳನ್ನು ಎತ್ತಿಕೊಳ್ಳಲಿಲ್ಲ, ಎಲ್ಲವನ್ನೂ ಹೊಸದಾಗಿಯೇ ಕಟ್ಟಿದರು. ಹಾಗಿರುವಾಗ ಮಾತಿನಲ್ಲೂ ಆ ಜನರ ಉಸಿರು ಇರಬೇಕಲ್ಲ? ಅದನ್ನು ತಂದುಕೊಟ್ಟವರು ಹೇವರ್ಡ್.

ನಮ್ಮ ಸಿನಿಮಾ ಹಾಡುಗಳಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಐರಾ ಹೆಚ್ಚಾಗಿ ಹಾಗೆಯೇ ಬರೆಯುತ್ತಿದ್ದರು. ಹೇವರ್ಡ್ ಮೊದಲು ಮಾತು ಬರೆದು ಚಾರ್ಲ್ಸ್‌ಟನ್‌ನಿಂದ ನ್ಯೂಯಾರ್ಕಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು, ಗರ್ಶ್ವಿನ್ ಅದಕ್ಕೆ ಸ್ವರ ಹಾಕುತ್ತಿದ್ದರು. 1934ರ ಬೇಸಿಗೆಯಲ್ಲಿ ಗರ್ಶ್ವಿನ್ ಅಲ್ಲಿನ ಫಾಲಿ ದ್ವೀಪಕ್ಕೇ ಬಂದು ಉಳಿದರು.

‘ಸಮರ್‌ಟೈಮ್’ ಶುರುವಾಗುವ ಸಾಲನ್ನೇ ನೋಡಿ. ‘ಸಮರ್‌ಟೈಮ್, ಅಂಡ್ ದ ಲಿವಿನ್ ಈಸ್ ಈಸಿ’. ಬೇಸಿಗೆ ಎಂದ ಕೂಡಲೇ ‘ಅಂಡ್’, ಅಂದರೆ ‘ಮತ್ತು’, ಬರುತ್ತದೆ. ‘ಬೇಸಿಗೆ ಬಂದಾಗ ಬದುಕು ಸಲೀಸು’ ಎಂದಿದ್ದರೆ ಅದು ಸುಮ್ನೆ ಒಂದು ಹೇಳಿಕೆ ಆಗುತ್ತಿತ್ತು. ‘ಅಂಡ್’ ಬಂದದ್ದರಿಂದ ಮಗು ತೂಗುತ್ತಾ ಒಂದೊಂದೇ ನೆನಪಿಸಿಕೊಂಡು ಹೇಳಿದ ಹಾಗಿದೆ. ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಯ ದೊಡ್ಡ ಗೀತರಚನೆಕಾರ ಸ್ಟೀಫನ್ ಸಾಂಡ್‌ಹೈಮ್ ಈ ಒಂದು ಪದವನ್ನೇ ಮೆಚ್ಚಿಕೊಂಡಿದ್ದರು.

‘ಮೈ ಮ್ಯಾನ್ಸ್ ಗಾನ್ ನೌ’ ಇನ್ನೂ ಜಾಸ್ತಿ ಕಲಕುತ್ತದೆ. ಜೂಜಿನ ಜಗಳದಲ್ಲಿ ಗಂಡನನ್ನು ಕಳೆದುಕೊಂಡ ಸೆರೀನಾ ಹಾಡುವ ಹಾಡು ಅದು. ಅಲ್ಲಿ ದುಃಖ ಒಬ್ಬ ಮುದುಕನಾಗಿ ಮನೆಗೇ ಬಂದು ಅವಳ ಜೊತೆ ಕೂರುತ್ತದೆ.

ಬಿಳಿಯ ಲೇಖಕ ಕಪ್ಪು ಜನರ ಮಾತನ್ನು ಬರೆದದ್ದಕ್ಕೆ ಮೊದಲಿಂದಲೂ ಆಕ್ಷೇಪ ಇದೆ. ಅದು ನ್ಯಾಯವಾದದ್ದೇ. ಆದರೂ ಈ ಎರಡು ಹಾಡುಗಳಲ್ಲಿ ನನಗೆ ಅಣಕ ಕಾಣುವುದಿಲ್ಲ.

ಮುಂದಿನ ಸಲ ಇಡೀ ಆಪೆರಾ ಕೇಳಿ. ಅಪ್ಪ ಅಮ್ಮ ಪಕ್ಕದಲ್ಲಿರುವಾಗ ನಿನಗೇನೂ ಆಗದು ಎಂದು ಕ್ಲಾರಾ ತನ್ನ ಮಗುವಿಗೆ ‘ಸಮರ್‌ಟೈಮ್’ ಜೋಗುಳ ಹಾಡುತ್ತಾಳೆ. ಮೀನು ಹಿಡಿಯಲು ಹೋದ ಅಪ್ಪ ಜೇಕ್ ಬಿರುಗಾಳಿಗೆ ಸಿಕ್ಕಿ ಸಾಯುತ್ತಾನೆ. ಅವನನ್ನು ಹುಡುಕಿ ಹೋದ ಕ್ಲಾರಾಳೂ ಮರಳುವುದಿಲ್ಲ. ಮೂರನೇ ಅಂಕದಲ್ಲಿ ಅದೇ ಮಗುವನ್ನು ಎತ್ತಿಕೊಂಡು ಬೆಸ್ ಅದೇ ಜೋಗುಳ ಹಾಡುತ್ತಾಳೆ.